ಮುತ್ಯಾನ ಮಗ್ಗುಲ ಜಾಗ

ಮಾರ್ಚ್ 26, ಸಂಜೆ 7.40

ಮೆಟ್ರೋದಲ್ಲಿ ಸೀಟು ಸಿಕ್ಕಿತು, ಅದೇ ಇವತ್ತಿನ ಭಾಗ್ಯ. ಬ್ಯಾಂಕಿನ ಎಡಪ್ಪಳ್ಳಿ ಬ್ರಾಂಚಿನಲ್ಲಿ ಎಲ್ಲರಿಗೂ ತಲೆ ಕೆಟ್ಟಿದೆ. ಮಾರ್ಚ್ ಕ್ಲೋಸಿಂಗ್. ಮ್ಯಾನೇಜರ್ ಎರಡು ಸಲ ಕೂಗಾಡಿದರು — ಒಮ್ಮೆ ನನ್ನ ಮೇಲೆ, ಒಮ್ಮೆ ಪ್ರಿಂಟರ್ ಮೇಲೆ. ಸ್ಟ್ರಾಂಗ್ ರೂಮಿನ ಎರಡನೇ ಕೀ ಈ ತಿಂಗಳು ನನ್ನ ಬಳಿ. ಅವರದೊಂದು, ನನ್ನದೊಂದು; ಎರಡೂ ಸೇರದೆ ಬಾಗಿಲು ತೆರೆಯುವುದಿಲ್ಲ. ರಜೆಯ ಮಾತೇ ಎತ್ತುವಂತಿಲ್ಲ.

ಮಧ್ಯಾಹ್ನ ತಿರುವನಂತಪುರದಿಂದ ಅಜ್ಜಿಯ, ನಮ್ಮ ಆಯಿಯ ಫೋನ್. ಅಂದರೆ ಕಾಕಾನ ಮಗಳು ನಿಖಿತಾ ಹಚ್ಚಿಕೊಟ್ಟ ಫೋನ್. ಅಜ್ಜ, ನಮ್ಮ ಮುತ್ಯಾ, ತೀರಿಕೊಂಡ ಮೇಲೆ, ನಾಲ್ಕು ವರ್ಷದಿಂದ, ಆಯಿ ಅಲ್ಲೇ ಕಾಕಾನ ಫ್ಲ್ಯಾಟಿನಲ್ಲಿ. ಎಂಬತ್ತಾರು ವಯಸ್ಸು. ಮತ್ತೆ ಅದೇ ಮಾತು.

“ಮುತ್ಯಾನ ಮಗ್ಗಲದಾಗ ನನ್ನ ಜಾಗಾ ಐತಿ, ಪಾವನಾ. ಜೀವ ಇದ್ದಾಗ ಒಮ್ಮೆ ಊರಿಗೆ ಕರಕೊಂಡ ಹೋಗಬೇ.”

ಮಾರ್ಚ್ ಮುಗಿಯಲಿ ಆಯಿ, ಅಂದೆ. ಏಪ್ರಿಲ್ ಎರಡನೇ ವಾರ ಖಂಡಿತ ಅಂದೆ. ನಿಮ್ಮ ಬ್ಯಾಂಕಿನವರಿಗೆ ವರ್ಷಾ ವರ್ಷಾ ಮಾರ್ಚ್ ಬರುತ್ತದೇನು ಅಂತ ಕೇಳಿದಳು. ಸಿಟ್ಟು ಬಂತು. ಅವಳ ಮೇಲಲ್ಲ, ಕಾಕಾನ ಮೇಲೆ. ಜನವರಿಯಲ್ಲಿ ಎರಡು ಸ್ಟೆಂಟ್ ಹಾಕಿದ್ದಾರೆ, ದೂರದ ಪ್ರಯಾಣ ಬೇಡ ಅಂದಿದ್ದಾರೆ ಡಾಕ್ಟರು — ಗೊತ್ತು. ಆದರೂ. ರಾಕೆಟ್ಟನ್ನು ಆಕಾಶಕ್ಕೆ ಕಳಿಸುವ ಮನುಷ್ಯನಿಗೆ ತಾಯಿಯನ್ನು ಊರಿಗೆ ಕಳಿಸಲು ಒಂದು ದಾರಿ ಹೊಳೆಯುವುದಿಲ್ಲವೇ?

ಮಾರ್ಚ್ 31

ಬೆಳಿಗ್ಗೆ ಐದಕ್ಕೆ ಆಯಿ ಹೋದಳು. ನಿದ್ದೆಯಲ್ಲೇ. ಎಂಟೂವರೆಗೆ ಮತ್ತೆ ಕಾಕಾನ ಫೋನ್, ನಾನು ಮೆಟ್ರೋದಲ್ಲಿ. ಬ್ರಾಂಚಿಗೆ ಹೋದೆ. ಕ್ಲೋಸಿಂಗ್. ಕೀ.

ಬರೆಯಲಾಗುತ್ತಿಲ್ಲ.

ಏಪ್ರಿಲ್ 1, ಮಧ್ಯಾಹ್ನ — ತಿರುವನಂತಪುರ

ಸುಟ್ಟುಬಿಟ್ಟಿದ್ದಾನೆ.

ಬೆಳಗಿನ ಟ್ರೇನು ಹಿಡಿದು ಬಂದೆ. ಮನೆಯಲ್ಲಿ ಆಯಿ ಇರಲಿಲ್ಲ. ಹಾಲಿನಲ್ಲಿ ಒಂದು ಫೋಟೋ, ದೀಪ, ಪಕ್ಕದ ಫ್ಲ್ಯಾಟಿನವರು ತಂದಿಟ್ಟ ಇಡಿಯಪ್ಪದ ಪಾತ್ರೆ. ನಿನ್ನೆ ಮಧ್ಯಾಹ್ನವೇ ವಿದ್ಯುತ್ ಚಿತಾಗಾರಕ್ಕೆ ಒಯ್ದು ಮುಗಿಸಿದ್ದಾರೆ. ಸಂಚಯನ ಯಾವತ್ತು ಅಂತ ಪಕ್ಕದ ಮನೆಯ ಅಮ್ಮ ಕೇಳಿದರೆ ಕಾಕಾನ ಹೆಂಡತಿ ಪ್ರೇಮಾ ಕಾಕು ನನ್ನ ಮುಖ ನೋಡುತ್ತಾಳೆ. ನಾನೇನು ಹೇಳಲಿ? ನಮ್ಮಲ್ಲಿ ಅಸ್ಥಿಯೇ ಇರುವುದಿಲ್ಲ ತಾಯಿ, ಸಂಚಯನ ಎಲ್ಲಿಂದ?

ನಮ್ಮಲ್ಲಿ ಸುಡುವುದಿಲ್ಲ. ಇದನ್ನು ಕಾಕಾನಿಗೆ ಹೇಳಿಕೊಡಬೇಕೇ? ಹುಟ್ಟಿದಾಗ ಲಿಂಗ ಕಟ್ಟುತ್ತಾರೆ. ಸತ್ತಾಗ ಅದೇ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಪೂಜೆಗೆ ಕೂತಂತೆ ಕೂರಿಸಿ ಮಣ್ಣು ಕೊಡುತ್ತಾರೆ. ಲಿಂಗ ಕಟ್ಟಿದ ಮೈಗೆ ಬೆಂಕಿ ತಾಗಿಸಬಾರದು — ಆಯಿಯೇ ನನಗೆ ಹೇಳಿದ್ದು, ಐದನೇ ವಯಸ್ಸಿಗೆ, ಜಳಕದ ಮನೆಯಲ್ಲಿ. ಮುತ್ಯಾನನ್ನು ಹಾಗೆಯೇ ಕೂರಿಸಿದೆವು, ನಮ್ಮ ಎರೆಹೊಲದ ಬದುವಿನ ಪಕ್ಕ. ನಾವೆಲ್ಲ ಅಳುತ್ತಿದ್ದರೆ ಆಯಿ ಮಗ್ಗುಲಿನ ನೆಲವನ್ನು ಹೆಜ್ಜೆಯಿಂದ ಅಳೆದಳು. ನನಗೆ ಇಷ್ಟು ಸಾಕು ಅಂದಳು.

ಒಂದು ದಿನ ಕಾಯಲಾಗಲಿಲ್ಲವೇ? ಫ್ರೀಜರ್ ಪೆಟ್ಟಿಗೆ ಈ ಊರಲ್ಲಿ ಸಾವಾದ ಪ್ರತಿ ಮನೆಗೂ ಬರುತ್ತದೆ. ಮಕ್ಕಳು ದುಬೈನಿಂದ ಬರುವವರೆಗೂ ಇಟ್ಟುಕೊಳ್ಳುತ್ತಾರೆ. ನಾನು ಬರಬೇಕಾದ್ದು ಆಲುವದ ನನ್ನ ಮನೆಯಿಂದ, ನಾಲ್ಕೈದು ತಾಸಿನ ಟ್ರೇನು.

ಇನ್ನೊಂದು ಕೇಳಬೇಕು. ಲಿಂಗ ಎಲ್ಲಿ ಅಂದೆ. ಕಾಕಾ ತಲೆ ತಗ್ಗಿಸಿದ.

“ಎಡಗೈಯಾಗ ಇಡಬೇಕು ಅನ್ನೂದ ನೆನಪಿತ್ತು. ಇಟ್ಟೆ.”

ಇಟ್ಟು ಒಳಗೆ ಕಳಿಸಿದ್ದಾನೆ. ಬೆಂಕಿಗೆ! ಮಾಡಿದರೆ ಪೂರ್ತಿ ಮಾಡಬೇಕು, ಇಲ್ಲದಿದ್ದರೆ ಬಿಡಬೇಕು. ನಲವತ್ತು ವರ್ಷ ಹೊರಗಿದ್ದು ಧರ್ಮದಲ್ಲಿ ಅರ್ಧ ಮರೆತಿದ್ದಾನೆ, ನೆನಪಿದ್ದ ಅರ್ಧವನ್ನು ತಂದು ಇಲ್ಲಿ ಹಚ್ಚಿದ್ದಾನೆ. ಸಂಜೆ ಬೂದಿಯ ಜೊತೆ ಒಂದು ಕಲ್ಲಿನ ಚೂರು ಕೊಟ್ಟರಂತೆ. ಮೇಲೆ ಬಳಿದ ಕಪ್ಪು ಕಂತಿಯ ಲೇಪವೆಲ್ಲ ಉರಿದು ಹೋಗಿ ಒಳಗಿನ ಕಲ್ಲು ಮಾತ್ರ. ಅಂಗೈಯಲ್ಲಿ ಹಿಡಿದು ನೋಡಿದೆ. ಆಯಿ ಎಂಬತ್ತು ವರ್ಷ ದಿನಾ ಬೆಳಿಗ್ಗೆ ಹೀಗೇ ಹಿಡಿದು ನೋಡುತ್ತಿದ್ದದ್ದು ಇದನ್ನೇ ಅಂತ ನಂಬುವುದು ಕಷ್ಟ.

ಅದೇ ದಿನ, 4 ಗಂಟೆ

ಊರಿನಿಂದ ಅನಸೂಯಾ ಅತ್ತೆಯ ಫೋನ್. ಆಯಿಯ ಒಬ್ಬಳೇ ಮಗಳು, ಮನೆ ಹೊಲ ನೋಡಿಕೊಂಡಿರುವವಳು. ದುಃಖಕ್ಕಿಂತ ಉರಿ ಹೆಚ್ಚು ಅವಳಿಗೆ. ಕರಕೊಂಡು ಬರುತ್ತೇವೆ ಅಂತ ಕಾಕಾ ನಿನ್ನೆ ಆರು ಗಂಟೆಗೆ ಹೇಳಿದ್ದನಂತೆ. ಮುತ್ಯಾನ ಮಗ್ಗುಲಲ್ಲಿ ಕುಣಿ ತೋಡಿಸಿ, ಸ್ವಾಮಿಗಳಿಗೆ ಹೇಳಿಕಳಿಸಿ, ಬಿಲ್ವಪತ್ರಿ ತರಿಸಿ ಕಾದಿದ್ದರಂತೆ. ಹತ್ತಕ್ಕೆ ಫೋನ್ ಮಾಡಿ ಆಗುವುದಿಲ್ಲ, ಇಲ್ಲೇ ಮಾಡುತ್ತೇನೆ ಅಂದನಂತೆ. ತೋಡಿದ ಕುಣಿ ಹಾಗೇ ಮುಚ್ಚಬೇಕಾಯಿತು ಅಂತ ಅತ್ತೆ ಅತ್ತಳು.

ನಿನ್ನನ್ನು ಒಂದು ಮಾತು ಕೇಳಿದ್ದನೇನು ಅಂದಳು. ಇಲ್ಲ ಅಂದೆ.

ಕೊಟ್ಟ ಮಾತಿಗೆ ನಾಲ್ಕು ತಾಸಿನ ಬೆಲೆಯೂ ಇಲ್ಲ ಈ ಮನುಷ್ಯನಿಗೆ.

ಏಪ್ರಿಲ್ 4 — ಆಲುವ

ಬ್ರಾಂಚಿನಲ್ಲಿ ಎಲ್ಲರೂ ಬಂದು ಮಾತಾಡಿಸಿದರು. ಹೃಷಿಕೇಶ್ ಕೌಂಟರಿನಿಂದ ಎದ್ದು ಬಂದು, ಅಜ್ಜಿ ಹೋದದ್ದು ಮೂವತ್ತೊಂದಕ್ಕಾ ಅಂತ ಎರಡು ಸಲ ಕೇಳಿದ. ಯಾಕೆ ಹೇಳಲಿಲ್ಲ, ಕೀ ನಾನು ತೆಗೆದುಕೊಳ್ಳುತ್ತಿದ್ದೆ, ಹ್ಯಾಂಡೋವರಿಗೆ ಇಪ್ಪತ್ತು ನಿಮಿಷ ಸಾಕು ಅಂದ. ಒಳ್ಳೆಯ ಹುಡುಗ. ಕಪಾಳಕ್ಕೆ ಹೊಡೆಯಬೇಕೆನ್ನಿಸಿತು.

ನಾನು ಲಿಂಗ ಕಟ್ಟಿಕೊಳ್ಳುವುದಿಲ್ಲ. ನಿಜ. ನೌಕರಿಗೆ ಸೇರಿದ ವರ್ಷ ತೆಗೆದು ಬೀರುವಿನಲ್ಲಿಟ್ಟೆ, ಸೀರೆಗಳ ಕೆಳಗೆ. ಆಯಿ ಪ್ರತಿ ಸಲ ಬೆನ್ನು ಸವರುವ ನೆವದಲ್ಲಿ ದಾರ ಇದೆಯೇ ಅಂತ ತಡವಿ ನೋಡುತ್ತಿದ್ದಳು. ಬೈಯಲಿಲ್ಲ ಒಮ್ಮೆಯೂ. ಅದು ನನ್ನ ಅವಳ ವಿಷಯ. ಕಟ್ಟಿಕೊಳ್ಳದವಳಿಗೆ ಸಿಟ್ಟು ಬರಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಮುತ್ಯಾ ಬೇರೆ. ಅವನು ಬೈಯುತ್ತಿದ್ದ. ಯಾರಾದರೂ ಹಸಿದು ಬಂದಾಗ ಪೂಜೆಯ ನೆವ ಹೇಳಿ ಕಾಯಿಸಿದರೆ ಬೈಯುತ್ತಿದ್ದ. ಊಟಕ್ಕೆ ಕೂತವರ ಜಾತಿ ಕೇಳಿದ್ದಕ್ಕೆ ಸ್ವಂತ ಅಣ್ಣನನ್ನೇ ಪಂಕ್ತಿಯಿಂದ ಎಬ್ಬಿಸಿದ್ದನಂತೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಬೈಯುತ್ತಿರಲಿಲ್ಲ. ಮಾತೇ ಬಿಡುತ್ತಿದ್ದ. ನನ್ನ ಜೊತೆ ಒಮ್ಮೆ ಹನ್ನೊಂದು ದಿನ ಬಿಟ್ಟಿದ್ದ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ.

ಏಪ್ರಿಲ್ 9

ಅತ್ತೆಯ ತೀರ್ಮಾನ ಬಂತು. ಬೂದಿ ಹೊಲಕ್ಕೆ ಬೇಡ. ಉಮಾಮಹೇಶ್ವರ, ಅಂದರೆ ಕಾಕಾ, ಊರಿಗೆ ಕಾಲಿಡುವುದೂ ಬೇಡ, ಅವನ ಪಾಲಿಗೆ ಊರಿನ ಮನೆ ಮುಗಿಯಿತು. ಲಿಂಗದ ಕಲ್ಲನ್ನು ಮಾತ್ರ ಮುತ್ಯಾನ ಮಗ್ಗುಲಿಗೆ ಇಡಬಹುದು ಅಂತ ಸ್ವಾಮಿಗಳು ಒಪ್ಪಿದ್ದಾರೆ. ತರುವವಳು ಪಾವನಾ, ಬೇರೆ ಯಾರೂ ಅಲ್ಲ.

ಕಾಕಾ ಇದಕ್ಕೆ ಏನಂದ ಅಂತ ಕೇಳಿದೆ. ಆಗಲಿ ಅಂದನಂತೆ, ಅಷ್ಟೇ. ಏನಾದರೂ ಹೇಳಲಿ, ಜಗಳವಾಡಲಿ ಅಂತ ಕಾಯುತ್ತಿದ್ದೆ. ಬಾಯಿ ಮುಚ್ಚಿ ಕೂತವನ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ.

ಒಳ್ಳೆಯದೇ ಆಯಿತು ಅಂತ ಅತ್ತೆಗೆ ಹೇಳಿದೆ. ಭಾನುವಾರ ಹೋಗಿ ಕಲ್ಲು ತರುತ್ತೇನೆ.

ಏಪ್ರಿಲ್ 12, ಸಂಜೆ — ಟ್ರೇನಿನಲ್ಲಿ

ಕೊಲ್ಲಂ ದಾಟಿದೆ. ಅಕ್ಷರಗಳು ಕುಣಿಯುತ್ತಿವೆ. ಆದದ್ದು ಆದಂತೆ ಬರೆಯುತ್ತೇನೆ.

ಬೂದಿಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ ಬಾಲ್ಕನಿಯಲ್ಲಿಟ್ಟಿದ್ದರು, ಒಣಹಾಕಿದ ಬಟ್ಟೆಗಳ ಕೆಳಗೆ. ಅದನ್ನು ನೋಡಿದ್ದೇ ತಡ, ನನ್ನ ಬಾಯಿಗೆ ಲಗಾಮು ಉಳಿಯಲಿಲ್ಲ. ಮುತ್ಯಾನ ಮಗ ಅಂತ ಹೇಳಿಕೊಳ್ಳಬೇಡಿ ಅಂದೆ. ಅವಳನ್ನು ಕಸ ವಿಲೇವಾರಿ ಮಾಡಿದ ಹಾಗೆ ಮಾಡಿದಿರಿ ಅಂದೆ. ಪ್ರೇಮಾ ಕಾಕು ಅಳುತ್ತ ಒಳಗೆ ಹೋದಳು. ಕಾಕಾ ಕುರ್ಚಿಯಲ್ಲಿ ಕೂತು ತನ್ನ ಮೊಣಕಾಲು ನೋಡಿಕೊಳ್ಳುತ್ತಿದ್ದ.

ನಿಖಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹದಿನೇಳು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವವಳು. ಆಯಿಯನ್ನು ಅಮ್ಮೂಮ್ಮ ಅನ್ನುತ್ತಿದ್ದಳು, ಅದೂ ನನಗೆ ಆಗುತ್ತಿರಲಿಲ್ಲ. ಆಯಿ ಮಾತ್ರ ಅದಕ್ಕೂ ಓ ಅನ್ನುತ್ತಿದ್ದಳು.

“ಚೇಚೀ, ಆಂಬುಲೆನ್ಸ್ ವನ್ನಿರುನ್ನು,” ಅಂದಳು.

ಬಂದಿತ್ತು ಅಂತೆ. ಆಂಬುಲೆನ್ಸ್. ಕಾಕಾ ಸುಮ್ಮನಿರು ಅಂದ. ಅವಳು ಸುಮ್ಮನಿರಲಿಲ್ಲ. ಮೂವತ್ತೊಂದರ ಬೆಳಿಗ್ಗೆ ಎಂಟಕ್ಕೇ ಫ್ರೀಜರ್ ಇರುವ ಗಾಡಿ ಬಂದು ಕೆಳಗೆ ನಿಂತಿತ್ತು. ಇಬ್ಬರು ಡ್ರೈವರು. ಊರಿಗೆ ಹದಿನೆಂಟು ತಾಸು. ಕಾಕಾ ಹೊರಟೇ ನಿಂತಿದ್ದ, ಡಾಕ್ಟರಿಗೆ ಫೋನ್ ಮಾಡಿದರೆ ನೀವು ದಾರಿಯಲ್ಲೇ ಹೋಗುತ್ತೀರಿ ಅಂದರಂತೆ. ಕಾಕು ಅವನನ್ನು ಎರಡು ಮೂರು ದಿನ ಬಿಟ್ಟು ಹೋಗುವಂತಿಲ್ಲ. ನಿಖಿತಾ ನಾನು ಹೋಗುತ್ತೇನೆ ಅಂದಳಂತೆ. ಮನೆಯ ದೊಡ್ಡವರು ಒಬ್ಬರು ಸಹಿ ಮಾಡಿ ಜೊತೆಗಿರಬೇಕು ಅಂದರು ಗಾಡಿಯವರು. ಆಗ ನನಗೆ ಫೋನ್ ಮಾಡಿದರು. ಆಲುವದಲ್ಲಿ ನನ್ನನ್ನು ಹತ್ತಿಸಿಕೊಂಡು ಮುಂದೆ ಹೋಗುವುದು ಅಂತ. ಅಲ್ಲಿಯವರೆಗೆ ಕಾಕು ಬರುವುದು ಅಂತ.

ಫೋನ್ ಸ್ಪೀಕರಿನಲ್ಲಿತ್ತು. ಆಯಿಯನ್ನು ಮಲಗಿಸಿದ್ದ ಕೋಣೆಯಲ್ಲೇ. ಎಲ್ಲರೂ ಕೇಳಿಸಿಕೊಂಡಿದ್ದಾರೆ.

ಆಂಬುಲೆನ್ಸಿನ ಸಂಗತಿ ನನಗೆ ಗೊತ್ತಿರಲಿಲ್ಲ. ಕಾಕಾ ಹೇಳಲು ಶುರು ಮಾಡಿದ್ದ, ನಾನು ಮುಗಿಸಗೊಡಲಿಲ್ಲ. ಮೆಟ್ರೋ ಸದ್ದು. ಊರಿಗೆ ಒಯ್ಯಬೇಕು, ನೀ ಜೋಡಿ ಬರ್ತಿಯೇನು, ಇಷ್ಟು ಕೇಳಿಸಿತ್ತು. ಸ್ಪಷ್ಟವಾಗಿ ಕೇಳಿಸಿತ್ತು. ನಾನು ಹೇಳಿದ್ದು ಇದು, ಅಕ್ಷರಶಃ ಬರೆಯುತ್ತೇನೆ:

“ನನ್ನ ಕಡೆ ಸ್ಟ್ರಾಂಗ್ ರೂಮ್ ಕೀ ಐತಿ ಕಾಕಾ, ಇವತ್ತ ಆಗೂದಿಲ್ಲ. ನಿಮಗ ಹೆಂಗ ಅನುಕೂಲ ಆಗತೈತಿ ಹಂಗ ಮಾಡ್ರಿ.”

ಅದಾದ ಮೇಲೆ ಅವನು ಇನ್ನೂ ಎರಡು ಸಲ ಮಾಡಿದ್ದ. ಸೈಲೆಂಟಿನಲ್ಲಿಟ್ಟಿದ್ದೆ. ಹತ್ತರವರೆಗೆ ಗಾಡಿ ನಿಲ್ಲಿಸಿಕೊಂಡು, ಆಮೇಲೆ ಕಳಿಸಿಬಿಟ್ಟ.

ಒಂದೇ ಒಂದು ಪ್ರಶ್ನೆ ಕೇಳಿದೆ ಅವನನ್ನು. ಅತ್ತೆ ಅಷ್ಟು ಬೈಯುವಾಗ ನನ್ನ ಹೆಸರು ಯಾಕೆ ಹೇಳಲಿಲ್ಲ?

“ನೀ ಊರಿಗೆ ಹೋಗಿ ಬರಾಕಿ. ನನಗಂತೂ ಇನ್ನ ಅಷ್ಟ ದೂರ ಆಗೂದಿಲ್ಲ. ಬೈಸಿಕೊಳ್ಳಾಕ ಒಬ್ಬರು ಸಾಕಲ್ಲ.”

ಯಾರು ಕೇಳಿದರು ಇವನ ದೊಡ್ಡತನ? ನನ್ನನ್ನು ಕೇಳದೆ ನನ್ನನ್ನು ಉಳಿಸುವ ಅಧಿಕಾರ ಯಾರು ಕೊಟ್ಟರು? ಮೈಯೆಲ್ಲ ಉರಿಯುತ್ತಿದೆ. ಹನ್ನೆರಡು ದಿನದಿಂದ ಬೈದದ್ದೆಲ್ಲ ಬರೆದಿಟ್ಟಿದ್ದೇನೆ ಇಲ್ಲೇ, ಈಗ ತಿರುವಿ ಓದಿದೆ. ಯಾರಿಗೂ ತೋರಿಸದ ನೋಟ್‌ಬುಕ್ಕಿನಲ್ಲೂ ಆ ಫೋನಿನ ಮಾತು ಬರೆಯದೆ ದಾಟಿಸಿದ್ದೇನೆ. ಯಾರಿಗೆ ಹೆದರಿ?

ಹೊರಡುವಾಗ ಕಲ್ಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟ. ಮಣ್ಣು ಹಾಕುವಾಗ ನನ್ನ ಪರವಾಗಿ ಒಂದು ಹಿಡಿ ಹಾಕು ಅಂದ. ಗಂಟನ್ನು ಬ್ಯಾಗಿನ ತಳದಲ್ಲಿಟ್ಟು ಮೆಟ್ಟಿಲಿಳಿದೆ.

ಏಪ್ರಿಲ್ 14

ರಜೆ ಸಿಕ್ಕಿದೆ. ಅತ್ತೆ ದಿನಾ ಫೋನ್ ಮಾಡುತ್ತಾಳೆ. ಯಾವತ್ತು ಬರುತ್ತಿ, ಸ್ವಾಮಿಗಳಿಗೆ ಹೇಳಬೇಕು. ನೀನೊಬ್ಬಳಾದರೂ ಮನೆತನದ ಮರ್ಯಾದೆ ಉಳಿಸಿದಿ ಅಂತಾಳೆ. ಕೇಳುತ್ತ ನಿಂತೆ.

ಸುಮ್ಮನಿದ್ದರೆ ಎಲ್ಲ ಸಲೀಸು. ಹೋಗುತ್ತೇನೆ, ಕಲ್ಲು ಇಡುತ್ತೇನೆ, ಆಯಿಗೆ ಅವಳ ಜಾಗ ಸಿಗುತ್ತದೆ. ಕಾಕಾ ಬಾಯಿ ಬಿಡುವವನಲ್ಲ. ಹೇಳಿದರೆ ಅತ್ತೆ ನನ್ನನ್ನೂ ಬರಬೇಡ ಅನ್ನಬಹುದು. ಅವಳ ಸಿಟ್ಟು ಗೊತ್ತು, ನಮ್ಮ ಮನೆಯದೇ ಸಿಟ್ಟು ಅದು. ಆಗ ಈ ಕಲ್ಲು ಎಲ್ಲಿ ಹೋಗುತ್ತದೆ? ನನ್ನ ಬೀರುವಿಗೇ? ಆಯಿಗೋಸ್ಕರ ಸುಮ್ಮನಿರಬೇಕು ಅಂತ ಬೆಳಗಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಆಯಿಗೋಸ್ಕರವಂತೆ. ಥೂ.

ಏಪ್ರಿಲ್ 15, ಬೆಳಿಗ್ಗೆ 6.10

ಸ್ನಾನ ಆಯಿತು. ಅತ್ತೆ ಈ ಹೊತ್ತಿಗೆ ಎದ್ದು ಹಿಂಡಿದ ಹಾಲು ಕಾಯಿಸುತ್ತಿರುತ್ತಾಳೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಫೋನ್. ನನ್ನ ಬಾಯಿಯನ್ನು ನಾನು ನಂಬುವುದಿಲ್ಲ ಈಗ.

ಅತ್ತೆ, ಕಾಕಾ ನನ್ನ ಕೇಳಿದ್ದ. ಗಾಡಿ ತರಿಸಿ ಬಾಗಿಲಿಗೆ ನಿಲ್ಲಿಸಿ ಕೇಳಿದ್ದ. ಬ್ಯಾಡ ಅಂದಾಕಿ ನಾನು. ಕಾಕಾ ಊರಿಗೆ ಬಂದ್ರ ಬಾಗಿಲಾ ತಗೀರಿ. ನನಗ ತಗೀಬೇಕೋ ಬ್ಯಾಡೋ ಅನ್ನೂದು

ರಿಂಗಾಗುತ್ತಿದೆ. ಅತ್ತೆಯೇ. ನಾನು ಮಾಡುವ ಮೊದಲೇ ಅವಳೇ ಮಾಡಿದ್ದಾಳೆ. ಈ ಪುಟ ಎದುರಿಗಿಟ್ಟುಕೊಂಡೇ ಎತ್ತುತ್ತೇನೆ.