ಹಸಿರು ಸೀರೆಯ ಮುಖ

೨ ಸೆಪ್ಟೆಂಬರ್ ೨೦೦೯, ಬುಧವಾರ. ಚಿಕ್ಕೋಡಿ, ಹಾಸ್ಟೆಲ್

ಮೊದಲೇ ಸಾರಿ ಹೇಳಿಬಿಡುತ್ತೇನೆ. ಇದು ಕೆಮಿಸ್ಟ್ರಿಯ ರಫ್ ನೋಟ್‌ಬುಕ್, ಹಿಂದಿನ ಹಾಳೆಯಿಂದ ಬರೆಯುತ್ತಿದ್ದೇನೆ. ಬರೆಯುವಂಥದ್ದು ಏನೂ ಆಗಿಲ್ಲ. ರೂಮ್‌ಮೇಟ್ಸ್ ಇಬ್ಬರೂ ಊರಿಗೆ ಹೋಗಿದ್ದಾರೆ, ಅಷ್ಟೇ. ಬೆಳಗಿನಿಂದ ಯಾರ ಜೊತೆಗೂ ಮಾತಿಲ್ಲ — ಮೆಸ್ಸಿನಲ್ಲಿ “ಇನ್ನೊಂದ್ ಭಕ್ರಿ” ಅಂದದ್ದು ಬಿಟ್ಟರೆ.

ಬಟ್ಟೆ ಒಗೆದೆ. ಸೋಮವಾರ ಟೆಸ್ಟ್. ಟೆನ್ಷನ್.

ಸಂಜೆ ಅಪ್ಪನ ಫೋನ್.

“ನೀಲಾ, ಅಮಾಸಿಗೆ ಊರಿಗೆ ಬಾ. ಪೇಂಟರ್ ಮಲಂಗಸಾಬ ನಿಮ್ಮವ್ವನ ಚಿತ್ರ ಬರ್ಯಾಕತ್ತಾನ.”

“ಯಾವ ಫೋಟೊ ನೋಡಿ ಅಪ್ಪಾ?”

“ಬಾ ಅಂದ್ರ ಬಾ.” ಇಟ್ಟುಬಿಟ್ಟರು.

ಅವ್ವನ ಫೋಟೊ ಇದ್ದದ್ದು ಒಂದೇ. ೨೦೦೫ರಲ್ಲಿ ಉಗಾರ ಖುರ್ದದ ನಮ್ಮ ಮನೆಯೊಳಗೆ ಹೊಳೆಯ ನೀರು ನುಗ್ಗಿದಾಗ ಅದೂ ಹೋಯಿತು. ಅವ್ವ ತೀರಿದಾಗ ನನಗೆ ನಾಲ್ಕು ವರ್ಷ. ಒಂದನೇ ಕ್ಲಾಸಿನಿಂದ ಹಾಸ್ಟೆಲ್. ಗೋಡೆಯ ಮೇಲೆ ಇರುತ್ತದಲ್ಲ ಅಂತ ಆ ಫೋಟೊವನ್ನು ಒಮ್ಮೆಯೂ ಸರಿಯಾಗಿ ನೋಡಲಿಲ್ಲ. ಸೀರೆ ಹಸಿರು — ಅದು ನೆನಪಿದೆ. ಮುಖ ಇಲ್ಲ.

ಚಿತ್ರ ಬಂದರೆ ಮುಖ ಬರುತ್ತದೆ. ಹದಿನಾರು ದಿನ.

೧೮ ಸೆಪ್ಟೆಂಬರ್, ಮಹಾಲಯ ಅಮಾವಾಸ್ಯೆ. ಉಗಾರ. ಮಧ್ಯಾಹ್ನ ೩

ದೊಡ್ಡ ಚಿತ್ರ. ಕಬ್ಬಿನ ಹೊಲ, ಹೊಳೆ, ಎರಡು ಬೆಳ್ಳಕ್ಕಿ, ಹಿಂದೆ ನಮ್ಮ ಕಡೆ ಎಲ್ಲೂ ಇಲ್ಲದ ನೀಲಿ ಗುಡ್ಡ. ನಡುವೆ ಹಸಿರು ಸೀರೆಯ ಹುಡುಗಿ. ಎಡಹುಬ್ಬಿನಲ್ಲಿ ಕೂದಲಿಲ್ಲದ ಒಂದು ಗೆರೆ.

ಆ ಗೆರೆ ನನ್ನದು. ಎಂಟನೇ ಕ್ಲಾಸಿನಲ್ಲಿ ಹಾಸ್ಟೆಲ್ ಮಂಚದಿಂದ ಬಿದ್ದು ಆದದ್ದು.

ನನ್ನ ಪಿಯುಸಿ ಹಾಲ್ ಟಿಕೆಟ್ಟಿನ ಫೋಟೊ ಇದು. ಬೈತಲೆಯನ್ನು ನಡುವಿಗೆ ತಂದು, ಸೆರಗು ಹೊದಿಸಿ, ಕುಂಕುಮ ಇಟ್ಟಿದ್ದಾರೆ. ಅಪ್ಪ ಅದಕ್ಕೆ ಹಾರ ಹಾಕಿದರು. ಎಡೆ ಹಿಡಿದರು. ನಾನು ನನಗೇ ಕೈಮುಗಿದು ನಿಂತೆ.

ಪಕ್ಕದ ಮನೆಯ ಕಾಳವ್ವ ಬಂದರು. ಅವ್ವನ ಜೊತೆ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದವರು.

“ಯವ್ವಾ! ಅಕ್ಕುತಾಯಿ ಎದ್ದ ಬಂದಾಳಲ್ಲೋ ಲಗಮಪ್ಪಾ!”

ಅಪ್ಪ ಒಳಗೆ ಹೋದಾಗ ಮೆಲ್ಲಗೆ ಕೇಳಿದೆ. “ಖರೇ ಹೇಳ್ರಿ, ಅವ್ವ ಹಿಂಗ ಇದ್ಲಾ?”

“ಮೂಗು ಜರಾ...”

“ಸ್ವಲ್ಪ ಏನ್ರಿ?”

ಕಣ್ಣು ಮುಚ್ಚಿಕೊಂಡರು. “ನಿನ್ನಿ ತನಕಾ ಕಣ್ಣಾಗ ಇದ್ಲು ನೋಡವಾ. ಈಗ ಕಣ್ಣ ಮುಚ್ಚಿದ್ರ ಈ ಚಿತ್ರಾನ ಬರತೈತಿ.”

೧೯ ಸೆಪ್ಟೆಂಬರ್, ಶನಿವಾರ

ಪೇಂಟರ್ ಅಂಗಡಿಗೆ ಹೋದೆ. ಮಲಂಗಸಾಬ ಕಾಕಾ ಟ್ರ್ಯಾಕ್ಟರ್ ಟ್ರ್ಯಾಲಿಯ ಹಿಂಬದಿಗೆ ಅದೇ ನೀಲಿ ಗುಡ್ಡ ಬರೆಯುತ್ತಿದ್ದರು. ನನ್ನನ್ನು ನೋಡಿದವರೇ ಬ್ರಶ್ ಕೈಬಿಟ್ಟರು.

“ಯಾ ಅಲ್ಲಾ!”

“ಬದುಕೀನ್ರಿ ಕಾಕಾ. ನಾ ಮಗಳು.”

ಚಹಾ ತರಿಸಿದರು. ನನಗಿಂತ ಮೊದಲು ತಾವೇ ಕುಡಿದರು. “ಹಾರ ಹಾಕೂ ಚಿತ್ರ ಬರದ್ನಲ್ಲ ತಂಗಿ ನಿಂದು! ಹೋಗ್ಲಿ, ಆಯುಷ್ಯ ಹೆಚ್ಚಾತು ತಗೋ.”

ಸತ್ತವರ ಫೋಟೊ ಇಲ್ಲದಿದ್ದರೆ ಇವರು ಮನೆಮಂದಿಯನ್ನು ಸಾಲಾಗಿ ಕೂರಿಸುತ್ತಾರಂತೆ. ಮೂಗು ಅಣ್ಣನ ಹಾಗಾ, ಗಲ್ಲ ತಂಗಿಯ ಹಾಗಾ ಎಂದು ಕೇಳಿ ಕೇಳಿ ಮುಖ ಕೂಡಿಸುತ್ತಾರೆ.

“ಆಕಿ ಕಡಿಯಾವ್ರು ಯಾರರ ಅದಾರೇನ್ರಿ ಅಂತ ನಿಮ್ಮಪ್ಪಗೂ ಕೇಳ್ದೆ. ಯಾರೂ ಇಲ್ಲ ಅಂದ. ಈ ಫೋಟೊ ಕೈಯಾಗ ಕೊಟ್ಟು ಅಳಾಕ ಹತ್ತಿದ. ಅಳೂ ಮನಶ್ಯಾಗ ಇದು ಯಾರ್ದು ಅಂತ ಹೆಂಗ ಕೇಳ್ಲಿ? ಆಕೀದು ಅಂತ ತಿಳಕೊಂಡೆ.”

ಯಾರೂ ಇಲ್ಲ ಅಂದರಂತೆ! ದಿಗ್ಗೇವಾಡಿಯಲ್ಲಿ ಸುಂದರಾ ಮಾವಶಿ ಇದ್ದಾರಲ್ಲ. ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಕೂಸನ್ನು ಹಾಸ್ಟೆಲ್ಲಿಗೆ ಹಾಕಬೇಡಿ, ನಾನು ಸಾಕುತ್ತೇನೆ ಎಂದು ಅಪ್ಪನ ಜೊತೆ ಜಗಳವಾಡಿ ಹೋದವರು. ಮತ್ತೆ ಬರಲಿಲ್ಲ. ಅಪ್ಪ ಕರೆಯಲೂ ಇಲ್ಲ.

“ನೆನಪ ಇದ್ದಾವ್ರು ಒಬ್ಬರರ ಬಂದು ಕುಂದ್ರಲಿ,” ಅಂದರು ಕಾಕಾ. “ಮುಖ ಅಷ್ಟ ತಿದ್ದಿ ಕೊಡ್ತೀನಿ.”

೨೦ ಸೆಪ್ಟೆಂಬರ್, ಬೆಳಿಗ್ಗೆ

ಅಪ್ಪ ಚಿತ್ರದ ಎದುರು ಕುಳಿತು ಚಹಾ ಕುಡಿಯುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

“ಮಾವಶಿನ್ನ ಕರಸೂಣ ಅಪ್ಪಾ.”

“ಯಾಕ? ಚೊಲೋ ಬಂದೈತಿ.”

“ಅದು ನಾನು.”

ಚಹಾದ ಬಸಿಯನ್ನು ಕೆಳಗಿಟ್ಟರು. “ಗಲ್ಲ ಹೆಂಗಿತ್ತು ಅಂತ ಪೇಂಟರ ಕೇಳಿದ ನೀಲಾ. ನನಗ ನೆನಪ ಬರಲಿಲ್ಲ. ಗಂಡ ಅನ್ನಿಸ್ಕೊಂಡಾಂವಗ... ಅದನ್ನ ಹೋಗಿ ಸುಂದರಾನ ಮುಂದ ಹೇಳಂತೀಯೇನು?”

ಬಸ್ ಹಿಡಿದೆ.

೪ ಅಕ್ಟೋಬರ್, ಭಾನುವಾರ. ಹಾಸ್ಟೆಲ್

ಟೆಸ್ಟ್ ಫೇಲ್. ಅಪ್ಪನ ಫೋನಿಲ್ಲ. ಕನ್ನಡಿ ನೋಡದೆ ತಲೆ ಬಾಚಿಕೊಳ್ಳುವುದು ರೂಢಿಯಾಗಿದೆ.

ಇನ್‌ಲ್ಯಾಂಡ್ ಲೆಟರ್ ತಂದೆ. ಮೊದಲು ಇಲ್ಲಿ ರಫ್ —

ಸುಂದರಾ ಮಾವಶಿಯವರಿಗೆ, ನಾನು ಅಕ್ಕುತಾಯಿಯ ಮಗಳು ನೀಲಮ. ಅಪ್ಪನ ಮೇಲಿನ ಸಿಟ್ಟು ಇರಲಿ, ಬಿಡಿ ಅನ್ನುವುದಿಲ್ಲ. ಅವ್ವನ ಮೂಗು ಹೇಗಿತ್ತು ಬರೆಯಿರಿ. ಗಲ್ಲ ನಿಮ್ಮ ಹಾಗಾ? ನಗುವಾಗ ಹಲ್ಲು ಕಾಣುತ್ತಿತ್ತಾ? ಫೋಟೊ ಇಲ್ಲದಿದ್ದರೆ ನೆನಪಿದ್ದಷ್ಟು ಸಾಕು. ಉಗಾರದ ಮನೆಗೆ ಮಾತ್ರ ಈಗಲೇ ಹೋಗಬೇಡಿ. ಅಲ್ಲೊಂದು ಚಿತ್ರ ಇದೆ. ಅದು ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಬರೆದುಬಿಡಿ. ಬೇಗ ಉತ್ತರ ಕೊಡಿ ಮಾವಶಿ, ಈ ವಾರವೇ —