ಏಳನೇ ತೂಬಿನ ಭಾನುವಾರ

ಜುಲೈ 13, ಭಾನುವಾರ. ಬೆಳಿಗ್ಗೆ 11

ಇವತ್ತಿನ ಪಾರ್ಟಿ ಮೈಸೂರಿನವರು, ಮೂರು ಜನ. ಐದೂವರೆಗೆ ಪಾಲಹಳ್ಳಿ ಸೇತುವೆ ಹತ್ತಿರ ಕಾರು ನಿಲ್ಲಿಸಿದರು. ರಾಡು, ರೀಲು, ಪೆಟ್ಟಿಗೆ ತುಂಬ ಬಣ್ಣದ ಪ್ಲಾಸ್ಟಿಕ್ ಮೀನು. ತಿಮಿಂಗಿಲ ಹಿಡಿಯಲು ಹೊರಟವರ ಸಾಮಾನು. 'ಗೈಡ್ ಎಲ್ಲಿ?' ಅಂದರು. ನಾನೇ ಅಂದೆ. ನನ್ನ ಪಂಚೆ ನೋಡಿದರು, ಹವಾಯಿ ಚಪ್ಪಲಿ ನೋಡಿದರು. ಏಳೂವರೆಯೊಳಗೆ ಆರು ಮೀನು. ಆಮೇಲೆ ಮೂವರೂ 'ಸರ್' ಅನ್ನತೊಡಗಿದರು.

ಅವರು ಪೀಕಾಕ್ ಬಾಸ್ ಅನ್ನುತ್ತಾರೆ. ನಾನು ನವಿಲು ಮೀನು ಅನ್ನುತ್ತೇನೆ. ಬಾಲದಲ್ಲಿ ನವಿಲುಗರಿಯ ಕಣ್ಣು, ಹಳದಿ ಮೈ, ಮೂರು ಕಪ್ಪು ಪಟ್ಟೆ. ಯಾವನೋ ಗಾಜಿನ ತೊಟ್ಟಿಯಲ್ಲಿ ಸಾಕಿ, ಸಾಕಾಗಿ, ನಾಲೆಗೆ ಸುರಿದು ಹೋದ. ಈಗ ಅದರ ಸಂಸಾರವೇ ಬೆಳೆದಿದೆ. ನಮ್ಮ ಗಿರ್ಲು, ಪಕ್ಕೆ ಮೀನುಗಳನ್ನೆಲ್ಲ ನುಂಗುವ ಪರದೇಶಿ. ಅದಕ್ಕೇ ನನ್ನ ಕಾನೂನು — ನವಿಲು ಮೀನು ಬಿದ್ದರೆ ಬಕೆಟ್ಟಿಗೆ, ನಮ್ಮ ಮೀನು ಬಿದ್ದರೆ ನೀರಿಗೆ. ಒಪ್ಪದವರು ಬೇರೆ ಗೈಡ್ ಹುಡುಕಿಕೊಳ್ಳಲಿ. ಬೇರೆ ಗೈಡ್ ಇಲ್ಲ!

ನಾಲೆ ಈಗ ಮನೆಗಳ ನಡುವೆ ಹರಿಯುತ್ತದೆ. ಈ ಕಡೆ ಬಟ್ಟೆ ಒಗೆಯುವವರು, ಆ ಕಡೆ ಮೊಬೈಲ್ ಅಂಗಡಿ. ಯಾವ ಸೇತುವೆಯ ಕೆಳಗೆ ಗುಂಡಿ, ಯಾವ ತೂಬಿನ ಬಾಯಲ್ಲಿ ಸುಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಮೂವತ್ತೊಂದು ವರ್ಷ ಇದೇ ನಾಲೆಗೆ ಸೌಡಿಯಾಗಿದ್ದವನು. ಗೇಟು ಎತ್ತಿ ಇಳಿಸಿ, ಏಳು ತೂಬಿಗೂ ಸರದಿ ಪ್ರಕಾರ ನೀರು ಹಂಚಿದವನು. ಒಬ್ಬರ ಸರದಿಯನ್ನೂ ಒಂದು ಗಂಟೆ ತಪ್ಪಿಸಿದವನಲ್ಲ. ಇದನ್ನು ಬರೆದುಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಬೈರಮ್ಮ ಮಾತ್ರ ಇವತ್ತೂ ಅಂದಳು: 'ಇಡ್ಯದು, ಫೋಟೋ ತಗುಸ್ಕಳದು. ಇದೂ ಒಂದು ಕಸುಬಾ?' ಹೆಂಡತಿ ಸರ್ ಅನ್ನುವ ದಿನ ಬರುವುದಿಲ್ಲ ಬಿಡು.

ಜುಲೈ 17, ಗುರುವಾರ

ಮಗಳು ಅರ್ಪಿತ ಫೋನಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಾಳೆ. ಇವತ್ತು ಓಡಿ ಬಂದಳು. ಬೆಂಗಳೂರಿನ ಶಿವಶಂಕರ್ ಅಂತೆ, ಗಾಳದವರ ಕ್ಲಬ್ಬಿನ ಅಧ್ಯಕ್ಷರು. ಇಪ್ಪತ್ತೇಳನೇ ತಾರೀಖು ಕ್ಯಾಮೆರಾ ಸಮೇತ ಬರುತ್ತಾರೆ. ಮೂರನೇ ಸೇತುವೆ ಕೆಳಗಿನ ದೊಡ್ಡ ನವಿಲು ಮೀನೇ ಬೇಕಂತೆ.

ಆ ದೊಡ್ಡದನ್ನು ನಾನು ಎರಡು ಸಲ ಕಂಡಿದ್ದೇನೆ. ಮೊಣಕೈ ಉದ್ದ. 'ಅಪ್ಪ, ಸಿಕ್ತದಾ?' ಅಂದಳು. ನಿಮ್ಮಪ್ಪ ಕೆಂಪಣ್ಣನ ಪಾರ್ಟಿ ಬರಿಗೈಲಿ ಹೋಗಿದ್ದು ಕಂಡಿದ್ದೀಯೇನವ್ವ ಅಂದೆ. ಅಂದುಬಿಟ್ಟೆ... ನಾಲೆ ತುಂಬಿ ಹರಿಯುತ್ತಿದೆ, ನೀರು ಕೆಂಪಗೆ. ಕಣ್ಣಿಗೆ ಕಾಣದ್ದಕ್ಕೆ ಮೀನು ಬಾಯಿ ಹಾಕುವುದಿಲ್ಲ.

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ಬೈರಮ್ಮ ನನ್ನ ಪಾದ ಪೂಜೆ ಮಾಡಿದಳು. ವರ್ಷಕ್ಕೊಂದು ದಿನ. ಗಂಭೀರವಾಗಿ ಕುಳಿತಿದ್ದೆ. 'ನಾಳಿಂದ ಶ್ರಾವಣ, ಮೀನಿನ ವಾಸ್ನೆ ಒಳೀಕ್ ತರ್ಬ್ಯಾಡಿ' ಅಂದಳು, ಪೂಜೆ ಮುಗಿಯುವ ಮುಂಚೆಯೇ.

ಅಮಾವಾಸ್ಯೆ ದಿನ ಯಾರೂ ಏರು ಕಟ್ಟುವುದಿಲ್ಲ. ಏರಿ ಮೇಲೆ ಒಂದು ನರಪಿಳ್ಳೆ ಇಲ್ಲ. ಮೂರನೇ ಸೇತುವೆ ಹತ್ತಿರ ಎರಡು ಗಂಟೆ ಕುಳಿತೆ. ನೀರು ಅರ್ಧಕ್ಕಿಳಿದರೆ ಸಾಕು, ಒಂದೇ ಒಂದು ಬೆಳಗಿನ ಹೊತ್ತು. ತಿಳಿಯಾಗುತ್ತದೆ, ಗುಂಡಿಗೆ ಮೀನು ಸೇರುತ್ತದೆ.

ಲೆಕ್ಕ ಹಾಕಿದೆ. ವಾರಕ್ಕೆ ಏಳು ದಿನ, ಏಳು ತೂಬು. ಶನಿವಾರಕ್ಕೆ ಏಳನೆಯದು, ಕಡೇ ಊರಿನದು ಮುಗಿಯುತ್ತದೆ. ಭಾನುವಾರ ಮತ್ತೆ ಒಂದನೇ ತೂಬು. ಅದು ಗೇಟಿನ ಪಕ್ಕದಲ್ಲೇ ಇದೆ, ಅರ್ಧ ನಾಲೆಯೇ ಅದಕ್ಕೆ ಹೆಚ್ಚು. ಅಂದರೆ ಯಾರಿಗೂ ನಷ್ಟವಿಲ್ಲ.

ಜುಲೈ 25, ಶುಕ್ರವಾರ

ಬೆಳಗೊಳಕ್ಕೆ ಹೋಗಿ ತಿಮ್ಮೇಶನನ್ನು ಕಂಡೆ. ಈಗ ಅವನೇ ಸೌಡಿ, ಗುತ್ತಿಗೆ ಮೇಲೆ. ನಾನೇ ಕಲಿಸಿದವನು. ಎದುರಿಗೆ ಬೀಡಿ ಸೇದುವುದಿಲ್ಲ, ಅಷ್ಟು ಮರ್ಯಾದೆ.

'ಭಾನ್ವಾರ ನಾಕು ಗಂಟೆಗೆ ಗೇಟು ಅರ್ಧಕ್ಕಿಳ್ಸು. ಅತ್ತು ಗಂಟೆಗೆ ಎತ್ತು' ಅಂದೆ.

ತಲೆ ಕೆರೆದುಕೊಂಡ. 'ಅಣ್ಣೋ, ಭಾನ್ವಾರ... ಸರದಿ ಒಂದ್ಕಿತ ನೋಡ್ಕಂಡು...'

'ಲೇ ತಿಮ್ಮೇಶ, ನಂಗೆ ಸರದಿ ಲೆಕ್ಕ ಏಳ್ಕೊಡಕ್ ಬತ್ತೀಯೇನ್ಲಾ?'

'ಇಲ್ಲ ಕಣಣ್ಣ' ಅಂದ. ಟೀ ಕುಡಿಸಿ ಕಳಿಸಿದ.

ಜುಲೈ 27, ಭಾನುವಾರ. ಮಧ್ಯಾಹ್ನ

ಊಟ ಆಮೇಲೆ. ಬರೆಯಲೇಬೇಕು.

ಆರು ಗಂಟೆಗೆ ನೀರು ತಿಳಿಯಾಯಿತು. ಶಿವಶಂಕರ್ ಸಣ್ಣ ಆಳು, ಮಾತು ಕಡಿಮೆ. ಎಲ್ಲಿ ಎಸೆಯಲಿ ಎಂದು ಕಣ್ಣಲ್ಲೇ ಕೇಳಿದರು. ಸೇತುವೆಯ ಎರಡನೇ ಕಂಬದ ಎಡಕ್ಕೆ, ಒಂದು ಮಾರು ಆಚೆ ಅಂದೆ. ಮೊದಲ ಎಸೆತ, ಇಲ್ಲ. ಎರಡನೆಯದು, ಇಲ್ಲ. 'ನಿಧಾನಕ್ಕೆ ಎಳೀರಿ, ಗಾಯ ಆಗಿರೋ ಮರಿ ಈಜೋ ಅಂಗೆ' ಅಂದೆ. ಮೂರನೇ ಸಲ ನೀರೇ ಒಡೆದ ಹಾಗೆ ಸದ್ದು. ರಾಡು ಬಿಲ್ಲಿನಂತೆ ಬಗ್ಗಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು.

ಹನ್ನೆರಡು ನಿಮಿಷ. ನಾನೇ ಸೊಂಟದ ನೀರಿಗಿಳಿದು ಬಲೆಗೆ ತೆಗೆದುಕೊಂಡೆ. ನಾಲ್ಕು ಕೆಜಿ ಇನ್ನೂರು ಗ್ರಾಂ! ಬಿಸಿಲಿಗೆ ಹಿಡಿದರೆ ಚಿನ್ನ. ಶಿವಶಂಕರ್ ಕ್ಯಾಮೆರಾ ಕಡೆ ತಿರುಗಿ, ಇದು ನನ್ನ ಮೀನಲ್ಲ, ಕೆಂಪಣ್ಣನವರ ಮೀನು ಅಂದರು. ಅರ್ಪಿತ ಅಲ್ಲೇ ಅತ್ತಳು. ಅರವತ್ತನಾಲ್ಕು ವರ್ಷಕ್ಕೆ ಇಂಥ ಬೆಳಗು ಎಷ್ಟು ಜನಕ್ಕೆ ಸಿಕ್ಕೀತು?

ಹತ್ತಕ್ಕೆ ಸರಿಯಾಗಿ ನೀರು ಏರಿತು. ತಿಮ್ಮೇಶ ಮಾತಿಗೆ ತಪ್ಪುವವನಲ್ಲ.

ಜುಲೈ 28, ಸೋಮವಾರ. ಸಂಜೆ

ಫೋನು ಬಿಸಿಯಾಗಿದೆ. ಪಾಂಡವಪುರದ ಭಾವಮೈದ ಮಾಡಿದ, ನಾಗಮಂಗಲದಿಂದ ಯಾರೋ ಮಾಡಿದರು. ಶೀಳನೆರೆಯಿಂದ ಬೈರಮ್ಮನ ತಮ್ಮನೇ ಮಾಡಿ 'ಭಾವ, ವಿಡಿಯೋ ನೋಡ್ದೆ' ಅಂದ. ಅವನು ನನ್ನನ್ನು ಹೊಗಳಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಸಂಜೆ ಹಾಲಿನ ಡೈರಿಯಲ್ಲಿ ಒಂದು ಮಾತು ಕಿವಿಗೆ ಬಿತ್ತು. ನಿನ್ನೆ ಕಡೇ ಊರಿಗೆ ನೀರು ಹೋಗಲಿಲ್ಲವಂತೆ. ಆ ಊರಿನ ಅಣ್ಣಮ್ಮನ ಗದ್ದೆಯಲ್ಲಿ ನಾಟಿ ನಿಂತುಹೋಯಿತಂತೆ. ನಿನ್ನೆ ಅವರ ಸರದಿ ಎಲ್ಲಿತ್ತು ಅಂದೆ. ಡೈರಿಯವನು ನನ್ನ ಮುಖ ನೋಡಿದ. 'ಗುರ್ವಾರ ಅಮಾಸೆ ಬಂದಿತ್ತಲ್ಲ ಕೆಂಪಣ್ಣ.'

ಅಮಾವಾಸ್ಯೆ.

ಜುಲೈ 29, ಮಂಗಳವಾರ

ಅಮಾವಾಸ್ಯೆ ದಿನ ಏರು ಕಟ್ಟುವುದಿಲ್ಲ, ಗದ್ದೆ ಉಳುವುದಿಲ್ಲ. ಆವತ್ತು ಸರದಿ ಇದ್ದವರಿಗೆ ನೀರು ದಂಡ. ಅದಕ್ಕೇ ಅಮಾವಾಸ್ಯೆಯನ್ನು ಲೆಕ್ಕಕ್ಕೆ ಹಿಡಿಯಬಾರದು, ಸರದಿ ಒಂದು ದಿನ ಮುಂದಕ್ಕೆ ಹೋಗಬೇಕು. ಗುರುವಾರದವರಿಗೆ ಶುಕ್ರವಾರ. ಶನಿವಾರದ ಏಳನೇ ತೂಬಿನವರಿಗೆ ಭಾನುವಾರ.

ಈ ಪದ್ಧತಿ ತಂದವನು ಯಾರು? ನಾನು. ಇಪ್ಪತ್ತು ವರ್ಷದ ಹಿಂದೆ ಏಳೂ ಊರಿನವರನ್ನು ಕೂರಿಸಿ ಒಪ್ಪಿಸಿದವನು ನಾನು. ತಿಮ್ಮೇಶನಿಗೆ ಕಲಿಸಿದವನೂ ನಾನೇ. ಅವನು ಹೇಳಲು ಬಂದ. ನಾನು ಬಾಯಿ ಮುಚ್ಚಿಸಿದೆ.

ಅಮಾವಾಸ್ಯೆ ದಿನ ಏರಿ ಮೇಲೆ ಕುಳಿತು, ಯಾರೂ ಇಲ್ಲ ಎಂದು ಇದೇ ಪುಸ್ತಕದಲ್ಲಿ ಬರೆದು, ಆಮೇಲೆ ಲೆಕ್ಕ ಹಾಕಿದ್ದೇನೆ. ನನ್ನಂಥ ದಡ್ಡ ಈ ನಾಲೆಯುದ್ದಕ್ಕೂ ಇಲ್ಲ. ಗೇಟಿನಲ್ಲಿ ಆರು ಗಂಟೆ ನೀರು ಇಳಿಸಿದರೆ ಹನ್ನೆರಡು ಕಿಲೋಮೀಟರ್ ಕೆಳಗೆ ಇಡೀ ದಿನ ಒಣಗುತ್ತದೆ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಣ್ಣಮ್ಮ ನಾಟಿಗೆಂದು, ಸಸಿ ಬೆಳೆಸಿದ ಒಟ್ಲಿನಲ್ಲಿ ಅರ್ಧ ಪೈರು ಕಿತ್ತು ಇಟ್ಟಿದ್ದಳಂತೆ. ಕಿತ್ತ ಪೈರು ಎಷ್ಟು ಹೊತ್ತು ತಡೆದೀತು? ಬಾಡಿತು. ದನಕ್ಕೆ ಹಾಕಿದಳಂತೆ.

ಆಗಸ್ಟ್ 1, ಶುಕ್ರವಾರ

ಎರಡು ದಿನ ಬರೆಯಲಾಗಲಿಲ್ಲ.

ಅಣ್ಣಮ್ಮ ಇಂಜಿನಿಯರ್ ಸಾಹೇಬರಿಗೆ ಅರ್ಜಿ ಕೊಟ್ಟಿದ್ದಾಳೆ. ಸೌಡಿ ಬೇಕಂತಲೇ ನೀರು ತಪ್ಪಿಸಿದ, ಅವನನ್ನು ತೆಗೆಯಿರಿ ಎಂದು. ನಾಳೆ ನೀರು ಬಳಕೆದಾರರ ಸಂಘದಲ್ಲಿ ವಿಚಾರಣೆ. ಗುತ್ತಿಗೆಯವನನ್ನು ತೆಗೆಯಲು ಒಂದು ಸಹಿ ಸಾಕು.

ತಿಮ್ಮೇಶ ಫೋನ್ ಮಾಡಿದ್ದ. 'ಗೇಟಲ್ಲಿ ಕಸ ಸಿಕ್ಕಂಡಿತ್ತು ಅಂದ್ಬುಡ್ತೀನಿ. ನೀವ್ ತಲೆ ಕೆಡುಸ್ಕಬ್ಯಾಡಿ.'

ಮೂವತ್ತೊಂದು ವರ್ಷದ ಹೆಸರು. ಆ ವಿಡಿಯೋ. ಊರೂರಲ್ಲಿ ಹೇಳಿಕೊಳ್ಳುತ್ತಿರುವ ಮಗಳು... ಬೈರಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಅಕ್ಕಿ ಆರಿಸುತ್ತಲೇ ಅಂದಳು: 'ಅವ ಬಾಯ್ ಬುಡಕಿಲ್ಲ. ಅದ್ಕೇ ನೀವು ಬುಡ್ಬೇಕು.'

ಆಗಸ್ಟ್ 2, ಶನಿವಾರ

ಸಂಘದ ಕಚೇರಿ ತುಂಬಿತ್ತು. ಅಧ್ಯಕ್ಷ ಕುಳ್ಳಯ್ಯ, ಪಕ್ಕದಲ್ಲಿ ಸಾಹೇಬರು. ಅಣ್ಣಮ್ಮ ನಿಂತೇ ಮಾತಾಡಿದಳು. 'ಆಳ್ಗೆ ಇಟ್ಟು ಬೇಯ್ಸಿ, ಪೈರು ಕಿತ್ತು, ಬಿಸ್ಲಲ್ಲಿ ಕುಂತಿದ್ದೊ ಕಣಪ್ಪ. ತೂಬು ಒಂದು ತೊಟ್ಟು ಕಕ್ಕಲಿಲ್ಲ. ಕೆಂಪಣ್ಣ ಇದ್ದಾಗ ಇಂಗೆ ಒಂದ್ ದಿನ ಆಗಿತ್ತಾ? ಕೇಳಿ, ಅಲ್ಲೇ ಅವ್ನೆ.'

ಎಲ್ಲರೂ ನನ್ನ ಕಡೆ ತಿರುಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿದಳು.

ತಿಮ್ಮೇಶ ಎದ್ದ. 'ಗೇಟಲ್ಲಿ ಕಸ—'

'ಕೂತ್ಕಳ್ಲಾ' ಅಂದೆ. ನಾನು ಎದ್ದೆ. ಗೇಟು ಇಳಿಸಿದ್ದು ನನ್ನ ಮಾತಿಗೆ, ಅಮಾವಾಸ್ಯೆ ಮರೆತಿದ್ದು ನಾನು, ಹೇಳಲು ಬಂದವನ ಬಾಯಿ ಮುಚ್ಚಿಸಿದ್ದೂ ನಾನು ಅಂದೆ.

ಕುಳ್ಳಯ್ಯ ಕನ್ನಡಕ ತೆಗೆದ. 'ಮೀನ್ಗಾ ಕೆಂಪಣ್ಣ?'

'ಊಂ. ಮೀನ್ಗೆ.'

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೈ ಉರಿಯಿತು. ಆದರೂ ಕೂರಲಿಲ್ಲ. ಮಾಡಿದ್ದು ನಾನು. ಒಳ್ಳೆಯದು ನನ್ನ ಹೆಸರಿಗೆ, ಕೆಟ್ಟದ್ದು ತಿಮ್ಮೇಶನ ಹೆಸರಿಗೆ ಅಂದರೆ ಅದು ನನಗೆ ಅವಮಾನ. ಸಾಹೇಬರು ತಿಮ್ಮೇಶನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಕೆಲಸ ಉಳಿಯಿತು.

ನನ್ನ ಒಟ್ಲಿನ ಪೈರು ಕೊಡುತ್ತೇನೆ ಎಂದು ಅಣ್ಣಮ್ಮನಿಗೆ ಹೇಳಿದೆ.

'ಪೈರು ನನ್ತಾವ್ಲೂ ಇನ್ನರ್ಧ ಅದೆ. ನೀರು ತತ್ತಾ. ಮೊದ್ಲು ತತ್ತಿದ್ಯಲ್ಲ, ನಡ್ಕಂಡು, ಅಂಗೆ.'

ಆಗಸ್ಟ್ 3, ಭಾನುವಾರ

ಮೊದಲೆಲ್ಲ ಸೌಡಿ ನೀರಿನ ಜೊತೆ ನಡೆಯುತ್ತಿದ್ದ. ಗೇಟಿನಿಂದ ಕಡೇ ತೂಬಿನವರೆಗೆ, ಅಡ್ಡ ಸಿಕ್ಕ ಕಸ ತೆಗೆದು, ಕದ್ದು ನೀರು ತಿರುಗಿಸಿದವರ ಗದ್ದೆಬಾಯಿಯ ಮಡೆ ಮುಚ್ಚಿ. ಇವತ್ತು ನಡೆದೆ. ನಾಲ್ಕು ಕಡೆ ಪ್ಲಾಸ್ಟಿಕ್ ಎಳೆದು ಹಾಕಿದೆ. ಐದನೇ ತೂಬಿನ ಹತ್ತಿರ ದೇವರಾಜು ನಾಲೆಗೇ ಮೋಟರು ಇಟ್ಟಿದ್ದ. ನನ್ನನ್ನು ಕಂಡವನೇ 'ಏನ್ ಕೆಂಪಣ್ಣ, ಮೀನು ಉಡ್ಕ್ತಿದೀಯಾ?' ಅಂದ. ಊಂ, ನಿನ್ನಂಥ ದೊಡ್ಡ ಮೀನು ಅಂದೆ. ಮೋಟರು ನಿಲ್ಲಿಸಿದ.

ಹನ್ನೊಂದಕ್ಕೆ ಕಡೇ ತೂಬಿಗೆ ನೀರು ಹತ್ತಿತು. ಅಣ್ಣಮ್ಮ ಆಳು ಕರೆದಿರಲಿಲ್ಲ, ಪೈರು ಕಿತ್ತಿರಲಿಲ್ಲ. ಬಿರುಕು ಬಿಟ್ಟ ಗದ್ದೆಗೆ ನೀರು ಹಾಯಿಸಿ ಉಳಿಸಿಕೊಂಡಳು, ಅಷ್ಟೇ. 'ನಾಟಿ?' ಅಂದೆ. 'ನೋಡವ' ಅಂದಳು. ನನ್ನ ಮುಖ ನೋಡಲಿಲ್ಲ.

ಮಂಡಿ ನೋವು. ಬೈರಮ್ಮ ಎಣ್ಣೆ ಕಾಯಿಸಿ ತಿಕ್ಕಿದಳು.

ಆಗಸ್ಟ್ 7, ಗುರುವಾರ

ಶಿವಶಂಕರ್ ಫೋನ್. ಹತ್ತನೇ ತಾರೀಖು ದೊಡ್ಡ ಚಾನೆಲ್‌ನವರು ಬರುತ್ತಾರಂತೆ, ನನ್ನ ಮೇಲೇ ಅರ್ಧ ಗಂಟೆ ಕಾರ್ಯಕ್ರಮ. ಭಾನುವಾರ ಬಿಟ್ಟರೆ ಅವರಿಗೆ ಆಗುವುದಿಲ್ಲ.

ಭಾನುವಾರ ಈಗ ಏಳನೇ ತೂಬಿನದು. ಮುಂದಿನ ಅಮಾವಾಸ್ಯೆವರೆಗೂ.

ಆಸೆಯಿಲ್ಲ ಅಂದರೆ ಸುಳ್ಳು. ಬಹಳ ಆಸೆ. ಆಗುವುದಿಲ್ಲ ಸರ್, ಆವತ್ತು ನಾನು ಸೌಡಿ ಅಂದೆ. ಫೋನ್ ಇಟ್ಟ ಮೇಲೆ ಅರ್ಪಿತ ಬುಕಿಂಗ್ ಪುಸ್ತಕ ತೆಗೆದು ಭಾನುವಾರಗಳನ್ನೆಲ್ಲ ತಾನೇ ಗೀಟು ಹಾಕಿ ಹೊಡೆದಳು.

ಆಗಸ್ಟ್ 10, ಭಾನುವಾರ. ಬೆಳಿಗ್ಗೆ 10.20

ಏರಿ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕಡೇ ತೂಬಿನಿಂದ ನೂರು ಗಜ ಮೇಲೆ. ನೀರು ಇನ್ನೂ ಹಿಂದಿದೆ, ಅರ್ಧ ಗಂಟೆಯ ದಾರಿ. ಕಸ ಇದೆಯೇನೋ ನೋಡಲು ಮುಂದೆ ಬಂದೆ.

ಬಂದವನು ಗದ್ದೆ ನೋಡಿ ನಿಂತುಬಿಟ್ಟೆ. ಬದುವಿನುದ್ದಕ್ಕೂ ಪೈರಿನ ಕಟ್ಟು. ಉಳಿದರ್ಧ ಒಟ್ಲು ಪೂರ್ತಿ ಕಿತ್ತಿದ್ದಾಳೆ, ನಿನ್ನೆ ಸಂಜೆಯೇ. ಇನ್ನೊಂದು ಸಲ ಕೀಳಲು ಒಂದು ಎಸಳೂ ಇಲ್ಲ. ಹನ್ನೊಂದು ಹೆಂಗಸರು ಹೊಂಗೆ ಮರದ ಕೆಳಗೆ ಎಲೆಯಡಿಕೆ ಹಾಕುತ್ತ ಕುಳಿತಿದ್ದಾರೆ.

'ಅಣ್ಣಮ್ಮ, ನೀರು ಕಾಣಕ್ ಮುಂಚೇನೇ ಕಿತ್ಬುಟ್ಟಿದೀಯಲ್ಲ. ಬರ್ದೆ ಓಗಿದ್ರೆ?'

ನಾಲೆ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನೇ ನೋಡಿದಳು. 'ನೀನ್ ಬಂದ್ಯಲ್ಲ' ಅಂದಳು. ಮರದ ಕಡೆ ಕೂಗಿದಳು: 'ನಮ್ ಸೌಡಿ ಬಂದ. ಏಳ್ರವ್ವ, ಸೀರೆ ಎತ್ಕಟ್ಟಿ.'

ಹೆಂಗಸರು ಎದ್ದರು. ಒಣ ತೂಬನ್ನು ದಾಟಿಕೊಂಡು ಗದ್ದೆಗೆ ಇಳಿಯುತ್ತಿದ್ದಾರೆ. ನಾಲ್ಕು ಕೆಜಿ ಮೀನು ಹಿಡಿದ ದಿನವೂ ನನಗೆ ಇಷ್ಟು—

ಸದ್ದು ಕೇಳಿಸಿತು. ಮಡೆ ಬಿಡಿಸಬೇಕು, ನೀರು ಬಂತು—