ಉಗುರಿನ ಸದ್ದು

ಮಾರ್ಚ್ 3, ಸೋಮವಾರ

ಇವತ್ತು ಅರವತ್ತು ಪುಟ. ಆಸ್ಪತ್ರೆ ಯಂತ್ರದ ಇಂಗ್ಲಿಷ್ ಕೈಪಿಡಿ, ಇನ್ನೂ ಅರ್ಧ ಬಾಕಿ. ಓರಗಿತ್ತಿ ಮೂಲಪ್ರತಿ ಓದಿದಳು, ನಾನು ಪ್ರೂಫ್ ತಿದ್ದಿದೆ. ಹತ್ತು ವರ್ಷದಿಂದ ಇದೇ. ಪದಗಳಿಗೆ ಅವಳ ಬಾಯಿ, ಚಿಹ್ನೆಗಳಿಗೆ ಅವಳ ಕೈ. ಮೇಜಿಗೆ ಒಂದು ಏಟು — ಕಾಮಾ. ಎರಡು ಏಟು — ಫುಲ್‌ಸ್ಟಾಪ್. ಎರಡು ಉಗುರು ಸೇರಿಸಿ ಚಿಟಕ್ ಅನ್ನಿಸಿದರೆ ಅಪಾಸ್ಟ್ರಫಿ. ನಮ್ಮ ಪ್ರೆಸ್ಸಿನಲ್ಲಿ ಅದಕ್ಕೆ ಕೊಕ್ಕೆ ಅಂತಲೇ ಹೆಸರು. ದೊಡ್ಡ ಮಾಲೀಕರ ಕಾಲದ ಪದ್ಧತಿ. ಈಗೆಲ್ಲೂ ಯಾರೂ ಹೀಗೆ ಓದುವುದಿಲ್ಲ ಅಂತ ಬೈಂಡರ್ ನಗುತ್ತಾನೆ. ನಗಲಿ.

ಈ ಏಟು, ಚಿಟಕು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿಲ್ಲ. ಅತ್ತೆ ಕಾಯಿಲೆ ಬಿದ್ದಾಗ ನೆಂಟರೆಲ್ಲರ ಮುಂದೆ ಅಂದಿದ್ದಳು: "ಅಕ್ಕಂಗೆ ಬೇರೆಯವರ ತಪ್ಪು ಹುಡುಕೋದು ಬಿಟ್ಟು ಇನ್ನೇನೂ ಬರಲ್ಲ." ಒಂಬತ್ತು ವರ್ಷವಾಯಿತು. ಒಂದೇ ಮನೆ — ಕೆಳಗೆ ನಾವು, ಮೇಲೆ ಅವರು. ಬೆಳಿಗ್ಗೆ ಒಂದೇ ಬಸ್ಸು. ಅವಳು ಮುಂದೆ ಕೂತರೆ ನಾನು ಹಿಂದೆ.

ಬರುವಾಗ ತರಕಾರಿ ಅಂಗಡಿಯ ಹೊಸ ಬೋರ್ಡು. ಟೊಮೇಟೊಸ್, ಪೊಟೇಟೊಸ್, ಆನಿಯನ್ಸ್ — ಪ್ರತಿ ಎಸ್ಸಿಗೂ ಮುಂಚೆ ಒಂದೊಂದು ಕೊಕ್ಕೆ. ಬಹುವಚನಕ್ಕೂ ಕೊಕ್ಕೆ ಹಾಕಿದ್ದಾನೆ ಪುಣ್ಯಾತ್ಮ! ಹೇಳಿದರೆ, "ತರಕಾರಿ ಫ್ರೆಶ್ಶಾಗಿದೆ ತಾನೇ ಮೇಡಂ?" ಅಂದ. ಮೈಯೆಲ್ಲ ಉರಿಯಿತು. ಏನೂ ಕೊಳ್ಳದೆ ಬಂದೆ.

ಮಾರ್ಚ್ 5, ಬುಧವಾರ

ಮಾಲೀಕರು ಇಬ್ಬರನ್ನೂ ಕರೆದರು. "ಕೆಲಸ ಕಡಿಮೆ ಆಗಿದೆ. ಏಪ್ರಿಲ್‌ನಿಂದ ನಿಮ್ಮಿಬ್ಬರಲ್ಲಿ ಒಬ್ಬರನ್ನೇ ಇಟ್ಕೊಳ್ಳೋದು. ಇನ್ನೊಂದು ಕುರ್ಚಿಗೆ ದಿನಕ್ಕೆರಡು ಗಂಟೆ ಯಾರನ್ನಾದ್ರೂ ಕರೆಸ್ತೀನಿ. ಯಾರ ಕೆಲಸ ಹೇಗಿದೆ ಅಂತ ಈ ತಿಂಗಳು ನೋಡ್ತೀನಿ."

ಅವಳ ಗಂಡ, ಅಂದರೆ ನನ್ನ ಮೈದುನ, ಬೆನ್ನುನೋವಿನಿಂದ ಮಂಚ ಹಿಡಿದು ಎರಡು ವರ್ಷ. ಗೊತ್ತು. ಅದಕ್ಕೆ ನಾನೇನು ಮಾಡಲಿ? ಮೂವತ್ತು ವರ್ಷದಿಂದ ಎಲ್ಲರೂ ನನ್ನ ಮೇಜಿಗೆ ಬಂದು "ಮೇಡಂ, ಇದು ಸರೀನಾ?" ಅಂತ ಕೇಳುತ್ತಾರೆ. ಈ ಕೆಲಸ ಹೋದರೆ ನನ್ನನ್ನು ಯಾರು ಏನು ಕೇಳುತ್ತಾರೆ? ಕಾಫಿ ಆಯ್ತಾ ಅಂತ ಮನೆಯಲ್ಲಿ ಯಜಮಾನರು ಕೇಳಬಹುದು, ಅಷ್ಟೇ.

ಇವತ್ತಿನಿಂದ ಒಂದು ಬದಲಾವಣೆ. ಇಷ್ಟು ದಿನ ನಾನು ನಾಲ್ಕಕ್ಕೆ ಹೊರಟರೆ, ಅವಳು ಐದರವರೆಗೆ ಕೂತು, ಪ್ರೂಫ್ ಕಟ್ಟು ಕಟ್ಟಿ ಮೆಷಿನ್‌ನವರಿಗೆ ಕೊಡುತ್ತಿದ್ದಳು. ಎಲ್ಲ ತಾನೇ ಮಾಡಿದ ಹಾಗೆ! ಇನ್ನು ನಾನೇ ಒಯ್ದು ಕೊಡುತ್ತೇನೆ. ಮಿಕ್ಕದ್ದು ನನ್ನ ಡ್ರಾಯರಿಗೆ, ಬೀಗ ಹಾಕಿ. ಅವಳು ಏನೋ ಹೇಳಲು ಬಾಯಿ ತೆರೆದಳು. ಬೀಗದಕೈ ಎತ್ತಿ ತೋರಿಸಿದೆ. ಮುಚ್ಚಿದಳು.

ಮಾರ್ಚ್ 11, ಮಂಗಳವಾರ

ಕೈಪಿಡಿ ವಾಪಸ್ಸು ಬಂತು, ಕಳೆದ ವಾರ ನಾನೇ ಒಯ್ದು ಕೊಟ್ಟ ಕೊನೆಯ ಭಾಗ. ಇಪ್ಪತ್ತೆರಡು ಕೊಕ್ಕೆ ತಪ್ಪು. ಇಪ್ಪತ್ತೆರಡು! ಮಾಲೀಕರು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

ಕಾಮಾ ಒಂದೂ ತಪ್ಪಿಲ್ಲ. ಫುಲ್‌ಸ್ಟಾಪ್ ತಪ್ಪಿಲ್ಲ. ಕೊಕ್ಕೆ ಮಾತ್ರ. ಪೇಷೆಂಟ್ಸ್ ಅನ್ನುವಲ್ಲಿ ಕೊಕ್ಕೆ ಎಸ್ಸಿನ ಈಚೆಗಿದ್ದರೆ ಒಬ್ಬ ರೋಗಿ, ಆಚೆಗಿದ್ದರೆ ಹಲವು ರೋಗಿಗಳು — ಯಾವುದೆಂದು ಮೂಲಪ್ರತಿಯೇ ಹೇಳಬೇಕು, ನಾವು ಊಹಿಸುವ ಹಾಗಿಲ್ಲ. "ಕಿವಿಗೆ ಬಿದ್ದಷ್ಟೇ ಪ್ರೂಫಿಗೆ" — ದೊಡ್ಡ ಮಾಲೀಕರು ಮೊದಲ ದಿನವೇ ಕಲಿಸಿದ ಪಾಠ. ನನ್ನ ಕಿವಿಗೆ ಬೀಳಲಿಲ್ಲ. ಅಂದರೆ ಅವಳು ಹೊಡೆದಿಲ್ಲ. ಬೇಕೆಂದೇ!

ಒಂಬತ್ತು ವರ್ಷದ ಮೇಲೆ ನಾನಾಗಿ ಮಾತಾಡಿಸಿದೆ. "ಕೊಕ್ಕೆ ಯಾಕೆ ನುಂಗ್ತಿದ್ದೀಯ?"

"ಎಲ್ಲಾ ಹೊಡೆದಿದ್ದೀನಕ್ಕಾ."

"ಹಂಗಾದ್ರೆ ನಾನೇನು ಕಿವಿಗೆ ಹತ್ತಿ ಇಟ್ಕೊಂಡು ಕೂತಿದ್ದೀನಾ?"

ನನ್ನ ಮುಖ ನೋಡಿ ಮುಂದಿನ ಪುಟ ತಿರುವಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳಿಗೆ ಹಾಗೆ ಅನ್ನುವುದಕ್ಕೂ ಬಾಯಿಲ್ಲ.

ಮನೆಗೆ ಬಂದರೆ ಯಜಮಾನರದು ಬೇರೆ ರಗಳೆ. ಟಿವಿ ಸೌಂಡು ಬೀದಿಗೆಲ್ಲ ಕೇಳುತ್ತದಂತೆ. ಎಲ್ಲರಿಗೂ ಇವತ್ತೇ ನನ್ನ ಮೇಲೆ ಕಣ್ಣು.

ಮಾರ್ಚ್ 14, ಶುಕ್ರವಾರ

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಓದು ಮುಗಿದ ಮೇಲೆ ಮೂಲಪ್ರತಿ ಕಿತ್ತುಕೊಂಡು ತಾಳೆ ನೋಡುತ್ತೇನೆ. ಇವತ್ತು ಒಂಬತ್ತು ಕೊಕ್ಕೆ ಇದ್ದವು, ಹೊಡೆದದ್ದು ಎರಡು. ಏಳನ್ನು ನಾನೇ ತಿದ್ದಿ, ಪುಟ, ಸಾಲು ಬರೆದಿಟ್ಟೆ.

ಮಧ್ಯಾಹ್ನ ಉಗುರು ಬಿಟ್ಟು ಊಟದ ಡಬ್ಬಿಗೆ ಚಮಚದಲ್ಲಿ ಬಾರಿಸಿದಳು. ಟಣ್!

"ಇದೇನು ಪಾತ್ರೆ ಅಂಗಡಿನಾ? ಪದ್ಧತಿ ಏನಿದೆಯೋ ಹಂಗೆ ಹೊಡಿ."

"ಡಬ್ಬಿದು ಕೇಳಿಸ್ತಾ?" ಅಂದಳು.

ಕೊಬ್ಬು ನೋಡಿ! ಚಮಚ ಕಿತ್ತು ಡ್ರಾಯರಿಗೆ ಹಾಕಿದೆ.

ಮಾರ್ಚ್ 21, ಶುಕ್ರವಾರ. ಸಂಜೆ 5

ಮುಗಿಯಿತು. ನೋಟ್‌ಬುಕ್ಕು ಮಾಲೀಕರ ಮೇಜಿನ ಮೇಲಿಟ್ಟೆ. ನೂರ ಹದಿಮೂರು ಕೊಕ್ಕೆ, ತಾರೀಖಿನ ಸಮೇತ. ಅವಳನ್ನು ಕರೆಸಿದರು. "ಏನಾದ್ರೂ ಹೇಳೋದಿದೆಯೇನಮ್ಮ?"

ಅವಳು ನನ್ನ ಕಡೆ ತಿರುಗಿದಳು. ನಾನು ಕಿಟಕಿ ನೋಡಿದೆ.

"ಇಲ್ಲ ಸಾರ್. ಅಕ್ಕ ಬರೆದ ಮೇಲೆ ಇನ್ನೇನಿದೆ."

ನಾಳೆಯಿಂದಲೇ ಬರುವುದು ಬೇಡ ಅಂದರು ಮಾಲೀಕರು. ಕುರ್ಚಿಯ ದಿಂಬು, ನೀರಿನ ಬಾಟ್ಲಿ, ಕನ್ನಡಕದ ಡಬ್ಬಿ. ಮೂರೇ ಸಾಮಾನು. ಚಮಚ ವಾಪಸ್ಸು ಕೇಳಲಿಲ್ಲ. ಬಾಗಿಲವರೆಗೆ ಹೋಗಿ ಏನೋ ಅಂದಳು. ಬೆನ್ನು ಈ ಕಡೆಗಿತ್ತು, ಗೊತ್ತಾಗಲಿಲ್ಲ. ಶಾಪ ಇರಬೇಕು.

ಖುಷಿಯಾಗಿದೆ. ಆಗಲೇಬೇಕಲ್ಲ.

ಏಪ್ರಿಲ್ 1, ಮಂಗಳವಾರ

ಹೊಸಬರು ಬಂದರು. ನಿವೃತ್ತ ಟೈಪಿಸ್ಟ್. ಒಳ್ಳೆ ಗಂಟಲು, ಮರ್ಯಾದಸ್ಥ ಮನುಷ್ಯ. ಬೆಳಿಗ್ಗೆಯೇ ಏಟು, ಚಿಟಕು ಎಲ್ಲ ಕಲಿಸಿದೆ. ಹತ್ತು ಪುಟ ಓದಿದರು. ತಾಳೆ ನೋಡಿದೆ. ಹದಿನಾಲ್ಕು ಕೊಕ್ಕೆ ಇಲ್ಲ.

"ನೀವೂ ಹೊಡೀಲಿಲ್ವಾ?"

"ಹೊಡೆದೆನಲ್ಲ ಮೇಡಂ. ನೀವೇ ಬರೀಲಿಲ್ಲ. ಯಾಕೋ ಅಂತ ಸುಮ್ಮನಾದೆ."

"ಈಗ ಹೊಡೀರಿ."

ಎರಡು ಉಗುರು ಕೂಡಿದವು, ಜಾರಿ ಬಿಟ್ಟವು. ಕಣ್ಣಾರೆ ಕಂಡೆ. ಕಿವಿಗೆ ಏನೂ ಬೀಳಲಿಲ್ಲ.

"ಜೋರಾಗಿ."

"ಇದಕ್ಕಿಂತ ಜೋರಾದ್ರೆ ಉಗುರೇ ಕಿತ್ತು ಬರುತ್ತೆ ಮೇಡಂ."

ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದೆ. ನನ್ನ ಉಗುರು, ನನ್ನ ಕಿವಿಯ ಪಕ್ಕ. ಹೊಡೆದೆ. ಮತ್ತೆ ಹೊಡೆದೆ. ಬೆರಳಿಗೆ ತಿಳಿಯುತ್ತಿದೆ... ಕಿವಿಗೆ ಇಲ್ಲ.

ಏಪ್ರಿಲ್ 2, ಬುಧವಾರ

ಹಾಗಾದರೆ ಇಷ್ಟು ದಿನದ ಕೆಲಸ ಹೇಗೆ ಸರಿಯಾಗಿತ್ತು? ಬೆಳಿಗ್ಗೆಯಿಂದ ತಲೆಯಲ್ಲಿ ಇದೇ ಹುಳ. ಊಟ ಬಿಟ್ಟು ಗೋಡೌನಿಗೆ ಹೋಗಿ ಹಳೆಯ ಪ್ರೂಫ್ ಕಟ್ಟು ಬಿಚ್ಚಿದೆ.

ನನ್ನ ಕೊಕ್ಕೆ ದುಂಡಗಿರುತ್ತದೆ. ಅದರ ನಡುನಡುವೆ ಇನ್ನೊಂದು ಕೈ. ಓರೆ, ಸಪೂರ, ಮುಳ್ಳಿನ ಹಾಗೆ. ಕಳೆದ ಜೂನಿನಲ್ಲಿ ಪುಟಕ್ಕೆ ಒಂದು. ಡಿಸೆಂಬರಿನಲ್ಲಿ ಮೂರು, ನಾಲ್ಕು. ಈ ಫೆಬ್ರವರಿಯಲ್ಲಿ ನನ್ನದು ಅಲ್ಲೊಂದು ಇಲ್ಲೊಂದು, ಮಿಕ್ಕದ್ದೆಲ್ಲ ಅವಳದೇ. ನಾಲ್ಕರಿಂದ ಐದರವರೆಗೆ ಒಬ್ಬಳೇ ಕೂತು ಮಾಡುತ್ತಿದ್ದದ್ದು ಇದು. ಮಾರ್ಚ್ ಐದರಂದು ನಾನು ಬೀಗ ಹಾಕಿದೆ. ಹನ್ನೊಂದಕ್ಕೆ ಇಪ್ಪತ್ತೆರಡು ತಪ್ಪು.

ಕುಣಿಯಲಾರದವಳು ನಾನೇ. ಥೂ.

ಏಪ್ರಿಲ್ 9, ಬುಧವಾರ

ಕಿವಿ ಡಾಕ್ಟರು ಹೇಳಿದರು: ಸಣ್ಣ, ಚೂಪು ಸದ್ದು ಮೊದಲು ಹೋಗುತ್ತದೆ. ಬಡಿತ, ಗುದ್ದು ಉಳಿದುಕೊಳ್ಳುತ್ತದೆ.

ಸಂಜೆ ಮೇಲೆ ಹೋದೆ. ಒಂಬತ್ತು ವರ್ಷದಲ್ಲಿ ಆ ಹದಿನೆಂಟು ಮೆಟ್ಟಿಲು ಹತ್ತಿರಲಿಲ್ಲ. ಮೈದುನ ಮಂಚದಿಂದಲೇ "ಬನ್ನಿ ಅತ್ತಿಗೆ" ಅಂದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ನೀನೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ಓರಗಿತ್ತಿ ಹೊಟ್ಟೆಕಿಚ್ಚು ಅಂತಿದ್ರಿ. ಊರೆಲ್ಲಾ ಹಂಗೇ ಅಂತಿತ್ತು."

"ಮತ್ತೆ ನನಗೋಸ್ಕರ ಯಾಕೆ ಅಷ್ಟು ದಿನ—"

"ನಿಮಗೋಸ್ಕರ ಯಾರು ಮಾಡಿದ್ರು? ತಪ್ಪು ಹಂಗೇ ಹೋದ್ರೆ ನಂಗೆ ಊಟ ಸೇರಲ್ಲ. ನೀವೇ ಕಲಿಸಿದ್ದು ಅದು."

ತಲೆ ತಗ್ಗಿಸಿ ಇನ್ನೇನೋ ಅಂದಳು. ಕೇಳಿಸಲಿಲ್ಲ. "ಏನಂದೆ?" ಅಂದೆ. ಬಾಗಿಲು ಹಾಕಿಕೊಂಡಳು. ಅದು ಕೇಳಿಸಿತು.

ಏಪ್ರಿಲ್ 10, ಗುರುವಾರ. ಬೆಳಿಗ್ಗೆ 7

ಮಾಲೀಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ತಪ್ಪು ನನ್ನ ಕಿವಿಯದು, ಅವಳ ಉಗುರಿನದಲ್ಲ. ನನ್ನ ಕುರ್ಚಿ ಅವಳಿಗೆ ಕೊಡಿ. ಎಂಟೇ ಸಾಲು. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಆರು ಗಂಟೆಗೆ ಮೇಲೆ ಹೋಗಿ ಅವಳ ಬಾಗಿಲ ಕೆಳಗೆ ತೂರಿಸಿ ಬಂದೆ. ಜೊತೆಗೆ ಅವಳ ಚಮಚ, ಒಂದು ಚೀಟಿ: ತಪ್ಪು ನೋಡಿ ಕೊಡು.

ಹರಿದು ಹಾಕಿದರೂ ಹಾಕಿದಳೇ. ಹಾಕಲಿ, ಇನ್ನೊಂದು ಬರೆಯುತ್ತೇನೆ. ಅವಳಿಗೆ ಸೊಕ್ಕು ಈಗಲೂ ಇದೆ, ನನಗೂ ಇದೆ. ಎಂಟೂವರೆಯ ಬಸ್ಸಿಗೆ ಅವಳು...

ಬಾಗಿಲು ಬಡಿದ ಹಾಗಾಯಿತು. ಒಂದು ಏಟು. ಎರಡನೆಯದಕ್ಕೆ ಕಾದೆ. ಬರಲಿಲ್ಲ. ಒಂದೇ. ಕಾಮಾ. ಎದ್ದು,